ಮುಟ್ಟದ ಪೆಟ್ಟಿಗೆ

*ಇಂದಿನ ಧಮ್ಮ ಚಿಂತನ*



ಕಳೆದ ಭಾನುವಾರದ ಅಧ್ಯಯನದಲ್ಲಿ ತಂಗಿಯೊಬ್ಬರು ಒಂದು ಪ್ರಶ್ನೆ ಕೇಳಿದರು. “ಅಣ್ಣಾ, ನಮ್ಮ ಅಜ್ಜಿಯರಿಗೆ ಒಂದು ಹಿತ್ತಾಳೆ ಕೊಡ ಇಟ್ಟುಕೊಳ್ಳಲಿಕ್ಕೂ ಊರವರು ಬಿಡಲಿಲ್ಲ. ಈಗ ನಾವು ದುಡಿದು ನಾಲ್ಕು ಸಾಮಾನು ಮಾಡಿಕೊಂಡರೆ ಅದನ್ನೂ ತಣ್ಹಾ ಅಂತೀರೇನು?” ಅಂದು ನಾನು ಏನೋ ಹೇಳಿ ಮಾತು ಮುಗಿಸಿದೆ. ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅದಕ್ಕೆ ಉತ್ತರ ನನ್ನ ಮನೆಯ ಗಾಜಿನ ಕಪಾಟಿನಲ್ಲೇ ಇತ್ತು. ಅದೊಂದು ಆಟಿಕೆಯ ಪೆಟ್ಟಿಗೆ. ಇಂದು ಅದರ ಕಥೆ ಹೇಳುತ್ತೇನೆ.

ಆಟಿಕೆಯ ಹೆಸರು ಮೆಕಾನೊ. ತೂತುಗಳಿರುವ ಲೋಹದ ಪಟ್ಟಿಗಳು, ಗಾಲಿಗಳು, ಹಲ್ಲುಚಕ್ರಗಳು, ಸರಳುಗಳು. ಅವನ್ನು ನಟ್ಟು-ಬೋಲ್ಟು ಹಾಕಿ ಜೋಡಿಸಿದರೆ ಕ್ರೇನು, ಸೇತುವೆ, ಲಾರಿ, ಏನು ಬೇಕಾದರೂ ಆಗುತ್ತದೆ. ನಮ್ಮ ಅಂಗಡಿಗಳಲ್ಲಿ ಮೆಕ್ಯಾನಿಕ್ಸ್ ಎಂಬ ಹೆಸರಿನಲ್ಲಿ ಇದೇ ಬಗೆಯ ಆಟಿಕೆ ಸಿಗುತ್ತದೆ, ನಿಮ್ಮಲ್ಲಿ ಹಲವರು ನೋಡಿರಬಹುದು.

*ಗುಮಾಸ್ತನೊಬ್ಬ ಮಕ್ಕಳಿಗಾಗಿ ಮಾಡಿದ್ದು*

ಇದನ್ನು ಕಂಡುಹಿಡಿದವನು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಫ್ರಾಂಕ್ ಹಾರ್ನ್‌ಬಿ. ಮಾಂಸ ಆಮದು ಮಾಡುವ ವ್ಯಾಪಾರಿಯ ಬಳಿ ಗುಮಾಸ್ತನಾಗಿದ್ದವನು. ತನ್ನ ಗಂಡುಮಕ್ಕಳಿಗೆ ಆಡಲು ಲೋಹದ ತಗಡು ಕತ್ತರಿಸಿ ಸಣ್ಣ ಸಣ್ಣ ಮಾದರಿಗಳನ್ನು ಮಾಡಿಕೊಡುತ್ತಿದ್ದ. ಒಂದೊಂದು ಮಾದರಿಗೂ ಬೇರೆ ಬೇರೆ ತುಂಡು ಕತ್ತರಿಸುವ ಬದಲು ಎಲ್ಲ ಪಟ್ಟಿಗಳಿಗೂ ಒಂದೇ ಅಂತರದಲ್ಲಿ ತೂತು ಹಾಕಿದರೆ ಅದೇ ತುಂಡುಗಳಿಂದ ಹೊಸ ಹೊಸ ವಸ್ತು ಮಾಡಬಹುದಲ್ಲ ಎಂದು ಅವನಿಗೆ ಹೊಳೆಯಿತು. ಆ ಅಂತರ ಅರ್ಧ ಇಂಚು. ಪೇಟೆಂಟ್ ಮಾಡಿಸಲು ಕೈಯಲ್ಲಿ ದುಡ್ಡಿರಲಿಲ್ಲ. ತನ್ನ ಯಜಮಾನನಿಂದ 5 ಪೌಂಡ್ ಸಾಲ ತಂದು 1901ರಲ್ಲಿ ಪೇಟೆಂಟ್ ಪಡೆದ. 1907ರಲ್ಲಿ ಮೆಕಾನೊ ಎಂಬ ಹೆಸರು ಬಂತು. 1914ರಲ್ಲಿ ಲಿವರ್‌ಪೂಲಿನ ಬಿನ್ಸ್ ರೋಡಿನಲ್ಲಿ ದೊಡ್ಡ ಕಾರ್ಖಾನೆ ಶುರುವಾಯಿತು.

ಮುಂದಿನ ಮಾತಿಗೆಲ್ಲ ಬುನಾದಿ ಇಷ್ಟೇ: ಈ ವಸ್ತು ಹುಟ್ಟಿದ್ದು ಮಕ್ಕಳ ಕೈಗಾಗಿ. ಮಾಡು, ಬಿಚ್ಚು, ಮತ್ತೆ ಮಾಡು. ಅದೇ ಅದರ ಗುಣ.

*ಏಣಿಯ ಮೆಟ್ಟಿಲುಗಳು*

1937ರಲ್ಲಿ ಕಂಪನಿ ತನ್ನ ಸೆಟ್ಟುಗಳಿಗೆ 0ಯಿಂದ 10ರವರೆಗೆ ಅಂಕಿ ಕೊಟ್ಟಿತು. 0 ಎಂದರೆ ಸಣ್ಣ ರಟ್ಟಿನ ಪೆಟ್ಟಿಗೆ. 10 ಎಂದರೆ ಡ್ರಾಯರ್‌ಗಳಿರುವ ಮರದ ಕಪಾಟು ತುಂಬ ಬಿಡಿಭಾಗಗಳು. ನಡುವೆ ಪೂರಕ ಸೆಟ್ಟುಗಳಿದ್ದವು. 1ಎ ಕೊಂಡರೆ ನಿಮ್ಮ 1 ಹೋಗಿ 2 ಆಗುತ್ತದೆ, 9ಎ ಕೊಂಡರೆ 9 ಹೋಗಿ 10 ಆಗುತ್ತದೆ. ಇದರಲ್ಲಿ ಒಳ್ಳೆಯದೂ ಇತ್ತು. ಕಡಿಮೆ ವರಮಾನದ ಮನೆಯ ಹುಡುಗನೂ ಚಿಕ್ಕದರಿಂದ ಶುರು ಮಾಡಿ ಮೆಲ್ಲಗೆ ಬೆಳೆಸಬಹುದಿತ್ತು. ಆದರೆ ಕೈಯಲ್ಲಿ ಎಷ್ಟೇ ಇದ್ದರೂ ಕಣ್ಣು ಮುಂದಿನ ಅಂಕಿಯ ಮೇಲೇ ಇರುವಂತೆಯೂ ಈ ಏಣಿ ಮಾಡುತ್ತಿತ್ತು. 10ನೇ ಸೆಟ್ಟಿನ ಬೆಲೆ ದುಡಿಯುವವನ ವಾರದ ಸಂಬಳಕ್ಕೆ ನಿಲುಕುವಂಥದ್ದಲ್ಲ. ಹಾಗಾಗಿ ಬಹುಪಾಲು ಹುಡುಗರಿಗೆ ಅದು ಕೈಪಿಡಿಯ ಚಿತ್ರವಾಗಿಯೇ ಉಳಿಯಿತು.

ಬಿನ್ಸ್ ರೋಡ್ ಕಾರ್ಖಾನೆ 1979ರ ನವೆಂಬರ್ ಕೊನೆಗೆ ಮುಚ್ಚಿತು. ಕಾರ್ಮಿಕರು ಸುಮ್ಮನೆ ಮನೆಗೆ ಹೋಗಲಿಲ್ಲ, ಕಾರ್ಖಾನೆಯೊಳಗೇ ಕೂತು ಹೋರಾಡಿದರು. ಆದರೂ ಅದು ಉಳಿಯಲಿಲ್ಲ. 10ನೇ ಸೆಟ್ಟು ಮಾತ್ರ ಆಮೇಲೂ ತಯಾರಾಗಿ 1992ರಲ್ಲಿ ನಿಂತಿತು. ಅಂದು ಚಿತ್ರ ನೋಡಿ ಆಸೆಪಟ್ಟ ಹುಡುಗರು ಮುದುಕರಾಗಿ, ಕೈಯಲ್ಲಿ ಪಿಂಚಣಿ ಇದ್ದಾಗ, ಹಳೆಯ ದೊಡ್ಡ ಸೆಟ್ಟುಗಳನ್ನು ಹುಡುಕಿ ಕೊಳ್ಳತೊಡಗಿದರು. ಸಂಗ್ರಹಕಾರರು ಹುಟ್ಟಿದ್ದು ಹೀಗೆ.

*ಮೂರು ಬಗೆಯ ಒಡೆಯರು*

ನಾನು ಐ.ಟಿ.ಐ.ಯಲ್ಲಿ ಫಿಟ್ಟರ್ ಟ್ರೇಡ್ ಕಲಿಸಿ ನಿವೃತ್ತನಾದವನು. ಮಗಳು ಮ್ಯಾಂಚೆಸ್ಟರಿನಲ್ಲಿ ನರ್ಸ್. ಅವಳ ಮನೆಯಲ್ಲಿ ಆರು ತಿಂಗಳು ಇದ್ದಾಗ ನನ್ನನ್ನು ಸ್ಕೆಗ್ನೆಸ್ ಎಂಬ ಕಡಲತೀರದ ಊರಿಗೆ ಕರೆದೊಯ್ದಳು. ಅಲ್ಲಿ ವರ್ಷಕ್ಕೊಮ್ಮೆ ಮೆಕಾನೊ ಪ್ರದರ್ಶನ ನಡೆಯುತ್ತದೆ. ಜೀವನವಿಡೀ ಫೈಲು, ವೈಸು, ಪಾನಾ ಹಿಡಿದವನಿಗೆ ಅದೊಂದು ಹಬ್ಬ. ಅಲ್ಲಿ ಮೂರು ಬಗೆಯ ಒಡೆಯರನ್ನು ಕಂಡೆ.

ಒಬ್ಬರು ಕಟ್ಟುವವರು. ಅವರ ಪಟ್ಟಿಗಳ ಬಣ್ಣ ಹೋಗಿರುತ್ತದೆ, ಬೋಲ್ಟಿನ ತಲೆ ಸವೆದಿರುತ್ತದೆ. ಬಂದರಿನಲ್ಲಿ ಕಲ್ಲು ಇಳಿಸುವ ದೊಡ್ಡ ಕ್ರೇನ್ ಮಾದರಿ ಕಟ್ಟಿ, ನೋಡಲು ಬಂದ ಮಕ್ಕಳ ಕೈಗೆ ಹಿಡಿ ಕೊಟ್ಟು ತಿರುಗಿಸು ಅನ್ನುತ್ತಾರೆ.

ಇನ್ನೊಬ್ಬರು ಕಾಯುವವರು. ಯಾವ ವರ್ಷ ಯಾವ ಬಣ್ಣ, ಯಾವ ಖಾನೆಯಲ್ಲಿ ಯಾವ ಭಾಗ ಎಂಬುದನ್ನು ದಾಖಲಿಸುತ್ತಾರೆ. 1926ರಲ್ಲಿ ಕೆಂಪು-ಹಸಿರು ಬಂತು, 1934ರಲ್ಲಿ ನೀಲಿ-ಚಿನ್ನದ ಬಣ್ಣ ಬಂತು ಎಂದು ನಮಗೆ ತಿಳಿದಿರುವುದು ಇಂಥವರು ಕಾಪಾಡಿದ್ದರಿಂದ. ಗೊತ್ತಿದ್ದದ್ದನ್ನು ಕೇಳಿದವರಿಗೆಲ್ಲ ಹೇಳುತ್ತಾರೆ. ಇದನ್ನು ನಾನು ಲೋಭ ಅನ್ನಲಾರೆ.

ಮೂರನೆಯವರು ಬಚ್ಚಿಡುವವರು. ಕಾರ್ಖಾನೆಯ ಹೆಂಗಸರು ರಟ್ಟಿಗೆ ದಾರದಿಂದ ಕಟ್ಟಿ ಕಳಿಸಿದ ಭಾಗಗಳು ಇಂದಿಗೂ ಹಾಗೇ ಕಟ್ಟಿಕೊಂಡಿವೆ. ಅರವತ್ತು ಎಪ್ಪತ್ತು ವರ್ಷದಲ್ಲಿ ಒಂದು ಬೋಲ್ಟೂ ತಿರುಗಿಲ್ಲ. ಒಂದು ಸಾಲದೆಂದು ಎರಡು, ಮೂರು. ಅಂಥ ಒಂದು ಪೆಟ್ಟಿಗೆಯ ಬೆಲೆ ಯಾಕೆ ಇಷ್ಟು ಜಾಸ್ತಿ ಎಂದು ಮಗಳ ಕೈಯಲ್ಲಿ ಕೇಳಿಸಿದೆ. ಅವರು ಹೇಳಿದ್ದನ್ನು ಅವಳು ಕನ್ನಡದಲ್ಲಿ ಹೇಳಿದಳು: “ಅಪ್ಪಾ, ಇದನ್ನು ಯಾರೂ ಮುಟ್ಟಿಲ್ಲವಂತೆ. ಅದಕ್ಕೇ.”

ಆ ಮಾತು ನನ್ನ ಎದೆಗೆ ಬಡಿಯಿತು.

*ತೊಳೆದಿಟ್ಟ ಬೋಲ್ಟು*

ನಾನು ಏಳೆಂಟು ವರ್ಷದವನಿದ್ದಾಗ ಅವ್ವ ಒಬ್ಬ ಅಧಿಕಾರಿಯ ಬಂಗಲೆಯಲ್ಲಿ ಅಂಗಳ ಗುಡಿಸುತ್ತಿದ್ದಳು. ನಾನು ಜಗಲಿಯ ಕೆಳಗೆ ಕೂರುತ್ತಿದ್ದೆ. ಆ ಮನೆಯ ಹುಡುಗ ಜಗಲಿಯ ಮೇಲೆ ಕೆಂಪು-ಹಸಿರು ಪಟ್ಟಿಗಳನ್ನು ಹರಡಿಕೊಂಡು ಕ್ರೇನು ಕಟ್ಟುತ್ತಿದ್ದ. ಒಂದು ದಿನ ಹಿತ್ತಾಳೆ ಬಣ್ಣದ ಬೋಲ್ಟೊಂದು ಉರುಳಿ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಟ್ಟೆ. ಒಳಗಿನಿಂದ ಹಿರಿಯರೊಬ್ಬರು “ಮುಟ್ಟಬ್ಯಾಡ!” ಎಂದು ಕೂಗಿದರು. ಆ ಬೋಲ್ಟನ್ನು ನೀರಿನಲ್ಲಿ ತೊಳೆದು ಒಳಗಿಟ್ಟರು. ಹುಡುಗ ತಲೆ ತಗ್ಗಿಸಿದ. ಅವ್ವ ಏನೂ ಮಾತಾಡದೆ ಪೊರಕೆ ಆಡಿಸುತ್ತಲೇ ಇದ್ದಳು.

ಬಹುಶಃ ನಾನು ಫಿಟ್ಟರ್ ಆಗಿದ್ದೇ ಆ ಬೋಲ್ಟಿನಿಂದ. ಸ್ಕೆಗ್ನೆಸ್‌ನಿಂದ ಬಂದ ಮೇಲೆ ನನ್ನ ಪಿಂಚಣಿಯ ದುಡ್ಡಿನಲ್ಲಿ 1950ರ ದಶಕದ ಒಂದು 8ನೇ ಸೆಟ್ಟು ಕೊಂಡೆ. ಯಾರ ಹಂಗೂ ಇಲ್ಲ, ಸಾಲವೂ ಇಲ್ಲ. ಕಲಬುರಗಿಗೆ ತಂದು ಗಾಜಿನ ಕಪಾಟಿನಲ್ಲಿ ಬುದ್ಧ-ಬಾಬಾಸಾಹೇಬರ ಫೋಟೋದ ಕೆಳಗಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಬಂದವರಿಗೆಲ್ಲ ತೋರಿಸುತ್ತಿದ್ದೆ. ಬೀಗ ಮಾತ್ರ ತೆಗೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಎಂಟು ವರ್ಷದ ಮೊಮ್ಮಗ ಗಾಜಿಗೆ ಮೂಗು ಒತ್ತಿ ನಿಂತಿದ್ದ. “ಮುತ್ಯಾ, ಇದು ಆಟದ ಸಾಮಾನು ಹೌದಿಲ್ಲೋ?” ಅಂದ. ಹೌದು ಅಂದೆ. ಅಂದು ಬೀಗ ಹಾಕುವುದು ಮರೆತಿತ್ತು. ಅವನು ಬಾಗಿಲು ಎಳೆದು ಕೈ ಚಾಚಿದ. ನಾನು ಕೂತಲ್ಲಿಂದಲೇ ಕೂಗಿದೆ: “ಮುಟ್ಟಬ್ಯಾಡ!”

ಬಂಧುಗಳೇ, ಅದು ನನ್ನ ದನಿಯಾಗಿರಲಿಲ್ಲ. ಅರವತ್ತು ವರ್ಷದ ಹಿಂದೆ ಆ ಜಗಲಿಯ ಮೇಲೆ ಕೇಳಿದ ದನಿ. ಮಗು ಕೈ ಹಿಂದಕ್ಕೆ ಎಳೆದುಕೊಂಡು ತನ್ನ ಅಂಗೈಯನ್ನೇ ನೋಡಿಕೊಂಡಿತು. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ.

ಎರಡೂ ಒಂದೇ ಎಂದು ನಾನು ಹೇಳುವುದಿಲ್ಲ. ಅಲ್ಲಿದ್ದದ್ದು ಜಾತಿ, ಇಲ್ಲಿದ್ದದ್ದು ಮುದುಕನ ಮೋಹ. ಆದರೆ ನನ್ನದರ ಬೆಲೆ ಇನ್ನೊಬ್ಬರ ಕೈ ಸೋಕಿದರೆ ಇಳಿಯುತ್ತದೆ ಎಂಬ ಲೆಕ್ಕ ಎರಡರಲ್ಲೂ ಇದೆ. ಆ ಲೆಕ್ಕ ನಮ್ಮ ಮನೆಯೊಳಗೆ ಬರಬಾರದು.

*ಗೃಹಸ್ಥನ ನಾಲ್ಕು ಸುಖಗಳು*

ಈಗ ತಂಗಿಯವರ ಪ್ರಶ್ನೆಗೆ ಬರೋಣ. ಅಂಗುತ್ತರ ನಿಕಾಯದಲ್ಲಿ ಭಗವಾನ್ ಬುದ್ಧರು ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ತಿಳಿಸುತ್ತಾರೆ. ನನ್ನ ಮಾತಿನಲ್ಲಿ ಹೇಳುವುದಾದರೆ:

1. ಅತ್ಥಿ ಸುಖ: ಬೆವರು ಸುರಿಸಿ, ನ್ಯಾಯವಾಗಿ ಗಳಿಸಿದ್ದು ನನ್ನಲ್ಲಿದೆ ಎಂಬ ಸುಖ.
2. ಭೋಗ ಸುಖ: ಗಳಿಸಿದ್ದನ್ನು ಬಳಸಿ, ಅದರಿಂದ ಒಳ್ಳೆಯ ಕೆಲಸ ಮಾಡುವ ಸುಖ.
3. ಅನಣ ಸುಖ: ಯಾರಿಗೂ ಸಾಲಗಾರನಲ್ಲ ಎಂಬ ಸುಖ.
4. ಅನವಜ್ಜ ಸುಖ: ಕಾಯ, ಮಾತು, ಮನಸ್ಸಿನಲ್ಲಿ ತಪ್ಪಿಲ್ಲದೆ ಬಾಳುವ ಸುಖ. ಮೊದಲ ಮೂರೂ ಸೇರಿದರೂ ಇದರ ಹದಿನಾರನೆಯ ಒಂದು ಪಾಲಿಗೆ ಸಮವಲ್ಲ.

ನೋಡಿ ತಂಗಿ, ಒಡೆತನವನ್ನು ಬುದ್ಧರು ತಪ್ಪು ಅನ್ನಲಿಲ್ಲ. ಅದನ್ನು ಮೊದಲ ಸುಖವೆಂದೇ ಎಣಿಸಿದರು. ಕೊಡ ಇಟ್ಟುಕೊಳ್ಳಲು ಬಿಡದ ಜನಕ್ಕೆ ಈ ಮೊದಲ ಸುಖ ಸಣ್ಣದಲ್ಲ. ಆದರೆ ಅದು ಒಂದನೆಯದು, ಕೊನೆಯದಲ್ಲ. ನನ್ನ ಲೆಕ್ಕ ಹಾಕಿ: ನ್ಯಾಯವಾಗಿ ಕೊಂಡೆ, ಒಂದನೆಯದು ಸಿಕ್ಕಿತು. ಸಾಲವಿಲ್ಲ, ಮೂರನೆಯದೂ ಸಿಕ್ಕಿತು. ಬೀಗ ಹಾಕಿದೆ, ಎರಡನೆಯದು ತಪ್ಪಿತು. ಮಗುವಿನ ಕೈಗೆ ಬೈದೆ, ನಾಲ್ಕನೆಯದೂ ಹೋಯಿತು.

ಬಳಸುವ ಕೈಗೆ ಸಿಕ್ಕರೆ ಇದೇ ಆಟಿಕೆ ಏನಾಗುತ್ತದೆ ಕೇಳಿ. 1934ರಲ್ಲಿ ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಡಗ್ಲಸ್ ಹಾರ್ಟ್ರೀ ಮತ್ತು ವಿದ್ಯಾರ್ಥಿ ಆರ್ಥರ್ ಪೋರ್ಟರ್ ಸೇರಿ ಕಠಿಣ ಸಮೀಕರಣಗಳನ್ನು ಬಿಡಿಸುವ ಯಂತ್ರವನ್ನು ಹೆಚ್ಚಾಗಿ ಮೆಕಾನೊ ಭಾಗಗಳಿಂದಲೇ ಕಟ್ಟಿದರು. ಖರ್ಚು ಸುಮಾರು 20 ಪೌಂಡ್. ಅಮೆರಿಕದಲ್ಲಿ 1913ರಿಂದ ಎರೆಕ್ಟರ್ ಎಂಬ ಇಂಥದ್ದೇ ಲೋಹದ ಆಟಿಕೆ ಬರುತ್ತಿತ್ತು. ಯೇಲ್ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿ ವಿಲಿಯಂ ಸೂವೆಲ್ ಸುಮಾರು 1950ರಲ್ಲಿ ಅದರ ಭಾಗಗಳನ್ನು ಬಳಸಿ, ಹೃದಯದ ಕೆಲಸವನ್ನು ಸ್ವಲ್ಪ ಹೊತ್ತು ತಾನೇ ಮಾಡುವ ಪಂಪನ್ನು ತಯಾರಿಸಿದ. ಆ ಪಂಪು ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ದಾರದಲ್ಲಿ ಕಟ್ಟಿಯೇ ಇಟ್ಟಿದ್ದರೆ ಆ ಭಾಗಗಳು ಹೊಸದಾಗಿಯೇ ಉಳಿಯುತ್ತಿದ್ದವು. ಯಾರ ಉಪಯೋಗಕ್ಕೂ ಬರುತ್ತಿರಲಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಬಾಬಾಸಾಹೇಬರು. ಅವರೂ ದೊಡ್ಡ ಸಂಗ್ರಹಕಾರರೇ. ನ್ಯೂಯಾರ್ಕಿನ ಹಳೆಯ ಪುಸ್ತಕದಂಗಡಿಗಳಲ್ಲಿ ಊಟದ ದುಡ್ಡು ಉಳಿಸಿ ಪುಸ್ತಕ ಕೊಂಡರು. ದಾದರಿನಲ್ಲಿ ರಾಜಗೃಹವನ್ನು ಪುಸ್ತಕಗಳಿಗಾಗಿಯೇ ಕಟ್ಟಿಸಿದರು. ಆದರೆ ಆ ಪುಸ್ತಕಗಳು ಗಾಜಿನ ಹಿಂದಿನ ಅಲಂಕಾರವಾಗಿರಲಿಲ್ಲ. ಅವನ್ನು ಓದಿ, ಗೆರೆ ಎಳೆದು, ನಮ್ಮ ಬಿಡುಗಡೆಗೆ ಹತ್ಯಾರ ಮಾಡಿದರು. ಮುಂದೆ ಅವರ ಗ್ರಂಥಗಳು ಮುಂಬಯಿಯ ಸಿದ್ಧಾರ್ಥ ಕಾಲೇಜನ್ನು ಸೇರಿದವು. ಕೂಡಿಸುವುದಾದರೆ ಹೀಗೆ ಕೂಡಿಸಬೇಕು.

*ಈಗ ಆ ಪೆಟ್ಟಿಗೆ*

ಅಂದು ಸಂಜೆಯೇ ಪೆಟ್ಟಿಗೆಯನ್ನು ನೆಲಕ್ಕಿಳಿಸಿದೆ. ಮೊಮ್ಮಗನ ಎರಡೂ ಕೈ ಹಿಡಿದು “ತಪ್ಪಾಯ್ತು ಕಂದಾ” ಅಂದೆ. ಇಬ್ಬರೂ ಕೂತು ಒಂದು ತೂಗುಸೇತುವೆ ಕಟ್ಟಿದೆವು. ಸ್ಕ್ರೂಡ್ರೈವರ್ ಜಾರಿ ಒಂದು ಪಟ್ಟಿಯ ಹಸಿರು ಬಣ್ಣ ಕಿತ್ತಿತು. ಒಂದು ನಟ್ಟು ಮೋರಿಗೆ ಬಿತ್ತು. ಸುಳ್ಳು ಹೇಳುವುದಿಲ್ಲ, ನನಗೆ ಹೊಟ್ಟೆಯಲ್ಲಿ ಚುರ್ ಅಂದಿತು. ಆ ಚುರುಕು ಬಂದದ್ದನ್ನೂ, ಸ್ವಲ್ಪ ಹೊತ್ತಿಗೆ ಹೋದದ್ದನ್ನೂ ನೋಡಿದೆ. ಅದೇ ಆ ದಿನದ ನನ್ನ ಧ್ಯಾನ.

ಈಗ ಭಾನುವಾರ ನಮ್ಮ ಓಣಿಯ ಐದಾರು ಮಕ್ಕಳು ಬರುತ್ತಾರೆ, ಹೆಣ್ಣುಮಕ್ಕಳೂ. ಪಾನಾ ಹಿಡಿಯುವುದು, ಹಲ್ಲುಚಕ್ರ ಕೂಡಿಸುವುದು ಕಲಿಸುತ್ತೇನೆ. ಆಟ ಮುಗಿದ ಮೇಲೆ ಎಣಿಸಿ, ಒರೆಸಿ ಒಳಗಿಡುವುದೂ ಪಾಠವೇ. ಜೋಪಾನ ಮಾಡುವುದು ಬೇರೆ, ಬಚ್ಚಿಡುವುದು ಬೇರೆ. ಪೆಟ್ಟಿಗೆಯ ಬೆಲೆ ಇಳಿದಿದೆ. ಒಡೆತನ ಇಳಿದಿಲ್ಲ.

*ಇಂದಿನ ಅಭ್ಯಾಸ*

ನಿಮ್ಮ ಮನೆಯ ಬೀರು, ಕಪಾಟು, ಟ್ರಂಕು ಒಮ್ಮೆ ತೆರೆಯಿರಿ. ನ್ಯಾಯವಾಗಿ ಗಳಿಸಿದ ಒಂದು ವಸ್ತುವನ್ನು ಕೈಗೆತ್ತಿಕೊಂಡು, ಮೊದಲು ಸಂತೋಷಪಡಿ. ಅದು ನಿಮ್ಮ ಹಕ್ಕು. ಆಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ:

ಇದು ಯಾವ ಕೆಲಸಕ್ಕಾಗಿ ಹುಟ್ಟಿತೋ ಆ ಕೆಲಸ ಮಾಡುತ್ತಿದೆಯೆ?
ಇದನ್ನು ಯಾರ ಕೈಯಿಂದ ನಾನು ದೂರ ಇಟ್ಟಿದ್ದೇನೆ? ಯಾಕೆ?
ಇದು ನಾಳೆ ಸವೆದರೆ, ಕಳೆದರೆ ನನ್ನ ಬಾಯಿಂದ ಯಾವ ಮಾತು ಬರುತ್ತದೆ?

ಉತ್ತರವನ್ನು ಗುಂಪಿಗೆ ಬರೆಯಬೇಕೆಂದಿಲ್ಲ. ಸಾಧ್ಯವಾದರೆ ಇಂದು ಆ ವಸ್ತುವನ್ನು ಒಂದು ಮಗುವಿನ ಕೈಗೆ ಕೊಟ್ಟು, ಹತ್ತಿರ ಕೂತು ನೋಡಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.