‘ಟಕ್’ ಅಂತೇ? ಕಿವಿಗೊಟ್ಟು ಕೇಳಿ



ನೀರಿನ ಮೋಟಾರು ಕೆಟ್ಟರೆ ಮೊದಲು ತೊಂದರೆ ಯಾರಿಗೆ? ನಮಗೇ. ಬಿಂದಿಗೆ ಹೊರುವವರು ನಾವೇ ಅಲ್ಲವೇ? ಹಾಗಾದರೆ ಮೋಟಾರಿನ ವಿಷಯ ನಮಗೂ ಒಂದಿಷ್ಟು ಗೊತ್ತಿರಬೇಕು. ಬನ್ನಿ, ತಿಳಿಯೋಣ.

ನಮ್ಮ ಸಂಘದ ಮನೆಯ ಮೇಲೆ ಒಂದು ಚಿಕ್ಕ ಟ್ಯಾಂಕು ಇದೆ. ಕೆಳಗೆ ಸಂಪು ಇದೆ. ಸಂಪಿನ ನೀರನ್ನು ಅರ್ಧ ಎಚ್.ಪಿ. ಮೋಟಾರು ಮೇಲಕ್ಕೆ ಎತ್ತುತ್ತದೆ. ಗೋಡೆಗೆ ಒಂದು ಟೈಮರ್ ಪೆಟ್ಟಿಗೆ ಹಾಕಿದ್ದಾರೆ. ಗುಂಡಿ ಒತ್ತಿದರೆ ‘ಟಕ್’ ಎಂಬ ಸದ್ದು. ಕೆಂಪು ದೀಪ ಹತ್ತುತ್ತದೆ. ಮೋಟಾರು ಓಡುತ್ತದೆ. ಸುಮಾರು ಎಂಟೂವರೆ ನಿಮಿಷ ಆದ ಮೇಲೆ ಮತ್ತೆ ‘ಟಕ್’. ದೀಪ ಆರುತ್ತದೆ. ಮೋಟಾರು ತಾನೇ ನಿಲ್ಲುತ್ತದೆ. ಟ್ಯಾಂಕು ತುಂಬಿರುತ್ತದೆ.

ಒಂದು ಬೇಸಿಗೆಯಲ್ಲಿ ಟ್ಯಾಂಕು ತುಂಬದೇ ಹೋಯಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ.

“ಅಯ್ಯೋ, ನೀರೇ ಇಲ್ವಲ್ಲಾ!” ಎಂದರು ದೊಡ್ಡಮ್ಮ.

ರಿಪೇರಿ ಹುಡುಗ ಬಂದ. ಪೆಟ್ಟಿಗೆ ನೋಡಿದ. “ಅಮ್ಮಾ, ಬಾಕ್ಸೇ ಹೋಗಿದೆ. ಹೊಸದು ಹಾಕ್ಬೇಕು. 1,800 ರೂಪಾಯಿ ಆಗುತ್ತೆ” ಎಂದ.

1,800 ರೂಪಾಯಿ ಎಂದರೆ ಸಂಘದ ಎಷ್ಟು ವಾರದ ಉಳಿತಾಯ! ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆಗ ದೊಡ್ಡಮ್ಮ ನಮ್ಮ ತರಗತಿಯ ನೋಟ್ ಪುಸ್ತಕ ತಂದರು. ಗಡಿಯಾರ ನೋಡಲು ಕಲಿಯುವಾಗ ನಾವು ಒಂದು ಅಭ್ಯಾಸ ಮಾಡಿದ್ದೆವು. ತಿಂಗಳಿಗೊಮ್ಮೆ ಮೋಟಾರು ಎಷ್ಟು ನಿಮಿಷ ಓಡಿತು ಎಂದು ಬರೆದಿದ್ದೆವು.

ಜನವರಿ – 8 ನಿಮಿಷ
ಫೆಬ್ರವರಿ – 7 ನಿಮಿಷ
ಮಾರ್ಚ್ – 5 ನಿಮಿಷ
ಏಪ್ರಿಲ್ – 3 ನಿಮಿಷ

“ನೋಡಪ್ಪಾ, ಟಕ್ ಅನ್ನುತ್ತೆ. ಮೋಟಾರೂ ಓಡುತ್ತೆ. ಆದ್ರೆ ಬೇಗ ನಿಲ್ಲುತ್ತೆ. ತಿಂಗಳು ತಿಂಗಳು ಹೊತ್ತು ಕಮ್ಮಿ ಆಗ್ತಾ ಬಂದಿದೆ. ಪೆಟ್ಟಿಗೆ ಪೂರ್ತಿ ಹೋಗಿದ್ರೆ ಹೀಗಾಗುತ್ತಾ?” ಎಂದರು ದೊಡ್ಡಮ್ಮ.

ಹುಡುಗ ಪುಸ್ತಕ ನೋಡಿದ. ತಲೆ ಕೆರೆದುಕೊಂಡ. “ಇಲ್ಲಮ್ಮಾ. ಇದು ಕೆಪಾಸಿಟರ್ ಇರಬೇಕು” ಎಂದ.

ಅವನು ಹಾಗೆ ಹೇಳಿದ್ದು ಯಾಕೆ?

ಪೆಟ್ಟಿಗೆಯೊಳಗೆ ಏನಿದೆ?

ಪೆಟ್ಟಿಗೆಯೊಳಗೆ ಇಬ್ಬರು ಕೆಲಸಗಾರರು ಇದ್ದಾರೆ ಎಂದುಕೊಳ್ಳಿ. ಒಬ್ಬ ಹೊತ್ತು ಎಣಿಸುವವನು. ಅವನೇ ಟೈಮರ್. ಇನ್ನೊಬ್ಬ ಮೋಟಾರಿನ ಕರೆಂಟು ಬಿಡುವವನು, ತಡೆಯುವವನು. ಅವನೇ ರಿಲೇ.

ಟೈಮರಿನಲ್ಲಿ ಎಂಟು ಕಾಲಿನ ಕಪ್ಪು ಹುಳದಂಥ ಒಂದು ಬಿಡಿಭಾಗ ಇದೆ. ಅದರ ಹೆಸರು 555 ಐ.ಸಿ. ಹ್ಯಾನ್ಸ್ ಕ್ಯಾಮೆಂಜಿಂಡ್ ಎಂಬುವವರು ಅಮೆರಿಕದಲ್ಲಿ 1971ರಲ್ಲಿ ಅದನ್ನು ರೂಪಿಸಿದರು. 1972ರಲ್ಲಿ ಅದು ಪೇಟೆಗೆ ಬಂತು. ಇಂದಿಗೂ ಅದು ಸಿಗುತ್ತದೆ.

555ರ ಪಕ್ಕದಲ್ಲಿ ಕೆಪಾಸಿಟರ್ ಇದೆ. ಇದು ಕರೆಂಟಿನ ಬಿಂದಿಗೆ. ರೆಸಿಸ್ಟರ್ ಎಂಬುದು ಸಣ್ಣ ನಲ್ಲಿ ಇದ್ದ ಹಾಗೆ. ಗುಂಡಿ ಒತ್ತಿದ ಕೂಡಲೇ ನಲ್ಲಿಯಿಂದ ಬಿಂದಿಗೆ ನಿಧಾನವಾಗಿ ತುಂಬುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ತುಂಬಿದಾಗ 555 “ಸಾಕು” ಎನ್ನುತ್ತದೆ. ಆಗ ರಿಲೇ ಬಿಡುತ್ತದೆ. ಮೋಟಾರು ನಿಲ್ಲುತ್ತದೆ.

ರಿಲೇಯಲ್ಲಿ ತಂತಿಯ ಒಂದು ಸುರುಳಿ ಇದೆ. ಅದಕ್ಕೆ 12 ವೋಲ್ಟ್ ಕೊಟ್ಟರೆ ಅದು ಅಯಸ್ಕಾಂತ ಆಗುತ್ತದೆ. ಒಂದು ಪಟ್ಟಿಯನ್ನು ಎಳೆಯುತ್ತದೆ. ಪಟ್ಟಿಯ ತುದಿ ಇನ್ನೊಂದು ತುದಿಗೆ ತಾಗುತ್ತದೆ. ಆ ಸದ್ದೇ ‘ಟಕ್’. ತುದಿಗಳು ತಾಗಿದರೆ ಮೋಟಾರಿಗೆ 230 ವೋಲ್ಟ್ ಹರಿಯುತ್ತದೆ. ಸಣ್ಣ ಕರೆಂಟು ದೊಡ್ಡ ಕರೆಂಟನ್ನು ಆಳುತ್ತದೆ!

ಒಂದು ಲೆಕ್ಕ

ನಮ್ಮ ಪೆಟ್ಟಿಗೆಯ ರೆಸಿಸ್ಟರ್ 10 ಲಕ್ಷ ಓಮ್. ಕೆಪಾಸಿಟರ್ ಮೇಲೆ 470 ಮೈಕ್ರೋಫ್ಯಾರಡ್ ಎಂದು ಬರೆದಿದೆ. ರೆಸಿಸ್ಟರ್ 10 ಲಕ್ಷ ಓಮ್ ಇದ್ದರೆ ಲೆಕ್ಕ ಸುಲಭ. ಕೆಪಾಸಿಟರಿನ ಅಂಕಿ ತೆಗೆದುಕೊಳ್ಳಿ. ಅದರ ಹತ್ತನೇ ಒಂದು ಪಾಲು ಕೂಡಿಸಿ. ಬಂದದ್ದು ಸೆಕೆಂಡು.

470 + 47 = 517 ಸೆಕೆಂಡು.
517 ಸೆಕೆಂಡು = 8 ನಿಮಿಷ 37 ಸೆಕೆಂಡು.

ಇದು ಲೆಕ್ಕದ ಹೊತ್ತು. ನಿಜವಾಗಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

ಈ ಬಗೆಯ ಕೆಪಾಸಿಟರಿನ ಒಳಗೆ ಒದ್ದೆ ಪದಾರ್ಥ ಇರುತ್ತದೆ. ಬಿಸಿಗೆ ಅದು ಮೆಲ್ಲಮೆಲ್ಲನೆ ಒಣಗುತ್ತದೆ. ನಮ್ಮ ಪೆಟ್ಟಿಗೆ ತಗಡಿನ ಚಾವಣಿಯ ಕೆಳಗೆ ಇತ್ತು. ಒಣಗಿದ ಕೆಪಾಸಿಟರ್ ಎಂದರೆ ಸಣ್ಣ ಬಿಂದಿಗೆ. ಸಣ್ಣ ಬಿಂದಿಗೆ ಬೇಗ ತುಂಬುತ್ತದೆ. ಅದಕ್ಕೇ ಹೊತ್ತು ಕಡಿಮೆಯಾದದ್ದು.

ಹುಡುಗ ಹೊಸ ಕೆಪಾಸಿಟರ್ ಹಾಕಿದ. ಅದರ ಬೆಲೆ ಹದಿನೈದು ರೂಪಾಯಿ. ಅವನ ಕೂಲಿ ಬೇರೆ ಕೊಟ್ಟೆವು. ಗುಂಡಿ ಒತ್ತಿ ಗಡಿಯಾರ ನೋಡಿದೆವು. 8 ನಿಮಿಷ 50 ಸೆಕೆಂಡು! ಪೆಟ್ಟಿಗೆಯನ್ನು ನೆರಳಿನ ಗೋಡೆಗೆ ಬದಲಾಯಿಸಿದೆವು.

ಕೆಟ್ಟರೆ ಏನು ನೋಡಬೇಕು?

1. ಗುಂಡಿ ಒತ್ತಿದರೂ ದೀಪ ಇಲ್ಲ, ‘ಟಕ್’ ಇಲ್ಲ. ಮೊದಲು ಊರಲ್ಲಿ ಕರೆಂಟು ಇದೆಯೇ ನೋಡಿ. ಇದ್ದರೆ ಪೆಟ್ಟಿಗೆಗೆ 12 ವೋಲ್ಟ್ ಬರುತ್ತಿಲ್ಲ, ಇಲ್ಲವೇ ಟೈಮರ್ ಕೆಟ್ಟಿದೆ.

2. ದೀಪ ಹತ್ತಿತು, ‘ಟಕ್’ ಇಲ್ಲ. ಟೈಮರ್ ಕೆಲಸ ಮಾಡುತ್ತಿದೆ. ರಿಲೇಯ ಸುರುಳಿ ಕಡಿದಿರಬಹುದು. ರಿಲೇ ನಡೆಸುವ ಟ್ರಾನ್ಸಿಸ್ಟರ್ ಸುಟ್ಟಿರಬಹುದು. ಟ್ರಾನ್ಸಿಸ್ಟರ್ ಹಾಕಿಸಿದರೆ “ಡಯೋಡ್ ಸರಿ ಇದೆಯಾ?” ಎಂದು ತಪ್ಪದೆ ಕೇಳಿ. ಸುರುಳಿಯ ಕರೆಂಟು ನಿಂತಾಗ ಒಂದು ಏಟು ಹಿಂದಕ್ಕೆ ಬರುತ್ತದೆ. ಅದನ್ನು ತಡೆಯುವುದೇ ಡಯೋಡ್. ಅದು ಇಲ್ಲದಿದ್ದರೆ ಹೊಸ ಟ್ರಾನ್ಸಿಸ್ಟರೂ ಸುಡುತ್ತದೆ.

3. ‘ಟಕ್’ ಅಂತು, ಮೋಟಾರು ಸುಮ್ಮನಿದೆ. ರಿಲೇಯ ತುದಿಗಳು ಸುಟ್ಟಿರಬಹುದು, ಇಲ್ಲವೇ ತಂತಿ ಸಡಿಲವಾಗಿರಬಹುದು. ಮೋಟಾರು ಗುಂಯ್ ಎಂದು ತಿರುಗದೆ ನಿಂತರೆ ಕೂಡಲೇ ಆರಿಸಿ. ದೋಷ ಮೋಟಾರಿನಲ್ಲೇ ಇರಬಹುದು.

4. ಮೋಟಾರು ನಿಲ್ಲುವುದೇ ಇಲ್ಲ. ಕೂಡಲೇ ಮೈನ್ ಸ್ವಿಚ್ ಆರಿಸಿ. ಸಂಪು ಬರಿದಾದರೆ ಮೋಟಾರು ಸುಟ್ಟುಹೋಗುತ್ತದೆ. ಆರಿಸುವ ಮೊದಲು ದೀಪ ಹತ್ತಿತ್ತೇ? ಹತ್ತಿದ್ದರೆ ಗುಂಡಿ ಸಿಕ್ಕಿಕೊಂಡಿರಬಹುದು, ಇಲ್ಲವೇ ಕೆಪಾಸಿಟರ್ ಸೋರುತ್ತಿರಬಹುದು. ತೂತು ಬಿಂದಿಗೆ ತುಂಬುವುದುಂಟೇ? ದೀಪ ಆರಿಯೂ ಮೋಟಾರು ಓಡುತ್ತಿದ್ದರೆ ರಿಲೇಯ ತುದಿಗಳು ಅಂಟಿಕೊಂಡಿವೆ. ರಿಲೇ ಬದಲಾಯಿಸಬೇಕು.

ಎಚ್ಚರ!

ಪೆಟ್ಟಿಗೆಯ ಮುಚ್ಚಳ ನಾವು ತೆಗೆಯಬಾರದು. ಒಳಗೆ 230 ವೋಲ್ಟ್ ಇದೆ. ಅದು ಪ್ರಾಣ ತೆಗೆಯುತ್ತದೆ. ಒದ್ದೆ ಕೈಯಲ್ಲಿ ಗುಂಡಿಯನ್ನೂ ಮುಟ್ಟಬಾರದು. ರಿಪೇರಿ ಮಾಡುವವರು ಮುಚ್ಚಳ ತೆಗೆಯುವ ಮೊದಲು ಮೈನ್ ಆರಿಸಿದರೇ ಎಂದು ನೋಡಿ. ಆರಿಸದಿದ್ದರೆ ಹೇಳಿ. ಇದರಲ್ಲಿ ಸಂಕೋಚ ಬೇಡ.

ನಮ್ಮ ಕೆಲಸ ಬೇರೆ ಇದೆ. ಕಣ್ಣಿಂದ ನೋಡುವುದು. ಕಿವಿಯಿಂದ ಕೇಳುವುದು. ಗಡಿಯಾರ ನೋಡಿ ಬರೆದಿಡುವುದು. “ಏನೋ ಕೆಟ್ಟಿದೆ” ಎಂದರೆ ಯಾರು ಏನು ಬೇಕಾದರೂ ಹೇಳಬಹುದು. “ಟಕ್ ಅನ್ನುತ್ತೆ, 3 ನಿಮಿಷಕ್ಕೆ ನಿಲ್ಲುತ್ತೆ” ಎಂದು ಬರೆದು ತೋರಿಸಿದರೆ ಎದುರಿನವರೂ ಯೋಚನೆ ಮಾಡಿ ಮಾತಾಡುತ್ತಾರೆ. ದೊಡ್ಡಮ್ಮ ಕಲಿತ ನಾಲ್ಕು ಅಕ್ಷರ, ನಾಲ್ಕು ಅಂಕಿ ಸಂಘದ ಹಣ ಉಳಿಸಿತು.

ಹೊಸ ಪದಗಳನ್ನು ಓದಿ, ಬರೆಯಿರಿ

ಟೈಮರ್, ರಿಲೇ, ಸುರುಳಿ, ಅಯಸ್ಕಾಂತ, ಕೆಪಾಸಿಟರ್, ಮೈನ್ ಸ್ವಿಚ್

ಉತ್ತರ ಹೇಳಿ

1. ‘ಟಕ್’ ಸದ್ದು ಎಲ್ಲಿಂದ ಬರುತ್ತದೆ?
2. ದೀಪ ಆರಿದೆ, ಮೋಟಾರು ಓಡುತ್ತಿದೆ. ಕೆಟ್ಟದ್ದು ಟೈಮರೋ, ರಿಲೇಯೋ?
3. ರೆಸಿಸ್ಟರ್ 10 ಲಕ್ಷ ಓಮ್, ಕೆಪಾಸಿಟರ್ 220. ಮೋಟಾರು ಎಷ್ಟು ಸೆಕೆಂಡು ಓಡುತ್ತದೆ?

ಮಾಡಿ ನೋಡಿ

ನಿಮ್ಮೂರ ನೀರಿನ ಮೋಟಾರು ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ? ಒಂದು ವಾರ ಬರೆದಿಡಿ. ಮುಂದಿನ ತರಗತಿಗೆ ತನ್ನಿ. ಎಲ್ಲರೂ ಕೂಡಿ ಓದೋಣ.