ಕೋರ್ಟಿಗೆ ಓಡುವ ಮುನ್ನ ಒಂಚೂರು ಕೂತುಕೋ

ತಮಾ, ಪಹಣಿಯಲ್ಲಿ ಬೆಟ್ಟದ ನಮೂದು ಬಿಟ್ಟುಹೋಗಿದೆ ಅಂತ ಸರಕಾರವನ್ನೇ ಕೋರ್ಟಿಗೆ ಎಳೆಯುತ್ತೇನೆ ಎಂದು ಸೋಂದೆಯ ತುಂಬ ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಸಿಟ್ಟು ನ್ಯಾಯದ್ದೇ. ಎಕರೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ ಎನ್ನುವುದು ಹಿಂದಿನವರ ಕಾಲದಿಂದ ಬಂದ ಸವಲತ್ತು. ಸೊಪ್ಪು, ದರಕು ಇಲ್ಲದೆ ಅಡಕೆ ತೋಟ ಉಳಿಯುವುದುಂಟೇ? ಆದರೆ ನಿನ್ನ ಮಂಡೆ ಚುರುಕು, ಕಾಲು ಅದಕ್ಕಿಂತ ಚುರುಕು. ನನಗೆ ಹೆದರಿಕೆ ಕಾಲಿನದ್ದು.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 135ನೇ ಕಲಮು ಓದಿದ್ದೀಯಾ? ಪಹಣಿಯಲ್ಲಿ ಸೇರಿಸು, ತೆಗೆ, ತಿದ್ದು ಅಂತ ಸರಕಾರದ ಮೇಲೆ ದಾವೆ ನಡೆಯದು ಎಂದು ಅದರಲ್ಲಿ ಬರೆದಿಟ್ಟಿದೆ. ನೀನು ದಾವೆ ಹೂಡಿದೆಯೋ, ಸರಕಾರಿ ವಕೀಲರು ದಿವಾಣಿ ಸಂಹಿತೆಯ 7ನೇ ಆದೇಶ, 11ನೇ ನಿಯಮ ಅಂತ ಒಂದು ಅರ್ಜಿ ಕೊಡುತ್ತಾರೆ. ಆಗ ನ್ಯಾಯಾಧೀಶರು ನಿನ್ನ ಸಾಕ್ಷಿ ಕೇಳುವುದಿಲ್ಲ, ನಿನ್ನ ಅಜ್ಜ ಸೊಪ್ಪು ಕಡಿದ ಕಥೆಯೂ ಅವರಿಗೆ ಬೇಡ. ನೀನು ಬರೆಸಿದ ವಾದಪತ್ರವನ್ನಷ್ಟೇ ಓದಿ, ಈ ಕೋರ್ಟಿಗೆ ಅಧಿಕಾರವಿಲ್ಲ ಎಂದು ತಳ್ಳಿಹಾಕುತ್ತಾರೆ. ಬೆಟ್ಟದ ಮೇಲೆ ನಿನಗೆ ಹಕ್ಕುಂಟೋ ಇಲ್ಲವೋ ಎನ್ನುವ ಮಾತು ಏಳುವುದೇ ಇಲ್ಲ. ‘ಪಹಣಿ’ ಬಿಟ್ಟು ‘ಘೋಷಣೆ’ ಅಂತ ಬರೆಸಿದರಾಯಿತು ಎನ್ನುವ ಜಾಣರೂ ಸಿಗುತ್ತಾರೆ, ನಂಬಬೇಡ. ಬರವಣಿಗೆಯ ಚಮತ್ಕಾರಕ್ಕೆ ಮರುಳಾಗಬೇಡಿ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಕೆಳಗಿನವರಿಗೆ ಹೇಳಿಯಾಗಿದೆ.

ಇದು ನಿನ್ನೆ ಮೊನ್ನೆಯ ಅಡ್ಡಿಯಲ್ಲ. ನಮ್ಮ ಜಿಲ್ಲೆ, ಆಗಿನ ಉತ್ತರ ಕೆನರಾ, 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಹೊಸ ಸರ್ವೆಯ ಕಂದಾಯವನ್ನು ಒಪ್ಪದ ಕೆನರಾದ ಹಿಡುವಳಿದಾರರ ವ್ಯಾಜ್ಯ 1875ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಬಂತು. ಮರುವರ್ಷವೇ ಮುಂಬಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯ್ದೆ ಬಂದು, ಇಂಥ ತಕರಾರುಗಳಿಗೆ ದಿವಾಣಿ ಕೋರ್ಟಿನ ಬಾಗಿಲು ಮುಚ್ಚಿತು. ಇಂದಿನ ಕಾಯ್ದೆಯ 61 ಮತ್ತು 63ನೇ ಕಲಮುಗಳು ಅದರ ಮೊಮ್ಮಕ್ಕಳ ಹಾಗೆ: ಕಂದಾಯದ ವಿಷಯ ಕಂದಾಯದವರಲ್ಲೇ ಆಗಲಿ, ಸರಕಾರದ ಮೇಲೆ ಬರುವವ ಮೊದಲು ಅಪೀಲು ಮುಗಿಸಿ ಬರಲಿ. ಅಂದಿನ ಸರಕಾರ ನಮ್ಮವರಿಗೆ ಹೆದರಿತ್ತು ಅಂತ ನಾನು ಕವಳ ಹಾಕುವಾಗ ಹೆಮ್ಮೆಪಡುವುದುಂಟು. ಇರಲಿ.

ನಿನ್ನ ದಾರಿ ಬೇರೆ. ಶಿರಸಿಯ ತಹಶೀಲ್ದಾರರಿಗೆ ಅರ್ಜಿ, ಅವರ ಆದೇಶ ಒಪ್ಪಿಗೆಯಾಗದಿದ್ದರೆ ಎಸಿಯವರಲ್ಲಿ ಅಪೀಲು, ಆಮೇಲೆ ಕಾರವಾರದ ಡಿಸಿ, ಅಲ್ಲೂ ಆಗದಿದ್ದರೆ ಧಾರವಾಡದ ಹೈಕೋರ್ಟು ಪೀಠದಲ್ಲಿ ರಿಟ್. ಪಕ್ಕದವನೇ ನಿನ್ನ ಹಕ್ಕನ್ನು ಅಲ್ಲಗಳೆದರೆ ಮಾತು ಬೇರೆ. ಅವನ ಮೇಲೆ ದಿವಾಣಿ ದಾವೆ ಹಾಕಬಹುದು, ಆ ತೀರ್ಪಿನಂತೆ ಪಹಣಿ ತಿದ್ದಬೇಕೆಂದು ಅದೇ 135 ಹೇಳುತ್ತದೆ. ಸರಕಾರದ ಮೇಲೆ ದಾವೆಗೆ ಆಸ್ಪದವಿರುವಲ್ಲೂ ದಿವಾಣಿ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು 2 ತಿಂಗಳು ಕಾಯಬೇಕು. ನೀನೋ, ಚಾ ಆರುವ ತನಕ ಕಾಯದವ.

ತಪ್ಪು ಕೋರ್ಟಿನಲ್ಲಿ ಕಳೆದ ದಿನಗಳನ್ನು ಕಾಲಮಿತಿ ಕಾಯ್ದೆಯ 14ನೇ ಕಲಮು ಲೆಕ್ಕದಿಂದ ಬಿಡುತ್ತದೆ ಅಂತ ವಾದಿಸುತ್ತೀಯೇನೋ. ಹೌದು, ಆದರೆ ಶ್ರದ್ಧೆಯಿಂದ, ಸದ್ಭಾವದಿಂದ ಹೋಗಿದ್ದೆ ಎಂದು ತೋರಿಸಬೇಕು. ಮನೆಯವರು ಹೇಳಿದ್ದು ಕೇಳದೆ ಹೋದದ್ದಕ್ಕೆ ಶ್ರದ್ಧೆ ಅನ್ನುವುದಿಲ್ಲ.

ನಾಳೆ ಶಿರಸಿಗೆ ಹೋಗುವಾಗ ಹಳೇ ಪಹಣಿಯ ನಕಲು ಹಿಡಿದುಕೋ. ಕಚೇರಿಯಲ್ಲಿ ದನಿ ಏರಿಸಬೇಡ, ಗುಮಾಸ್ತರನ್ನು ಹೆಸರು ಹಿಡಿದು ಮಾತಾಡಿಸು. ಅರ್ಜಿ ಕೊಟ್ಟ ಮೇಲೆ ನಿನ್ನ ಪ್ರತಿಗೆ ತಾರೀಖಿನ ಮುದ್ರೆ ಹಾಕಿಸಿಕೊಳ್ಳದೆ ಬಸ್ಸು ಹತ್ತಬೇಡ.