ಮುಕ್ತ ತಂತ್ರಾಂಶ ಕೂಟಕ್ಕೆ ವರ್ತಕರ ಪೂರ್ವಸಿದ್ಧತೆ

ಮುಕ್ತ ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದು. 1998ರಲ್ಲಿ ಬಿಡುಗಡೆಯಾದ ಲೆಕ್ಕಪತ್ರ ತಂತ್ರಾಂಶ ‘ಗ್ನೂಕ್ಯಾಶ್’ ಇದಕ್ಕೆ ನಿದರ್ಶನ. ಇಂಥ ತಂತ್ರಾಂಶವನ್ನು ಕೆಲವು ದಿನ ಜೊತೆಗೂಡಿ ಸುಧಾರಿಸುವ ಕೂಟವೇ ‘ಕೋಡಿಂಗ್ ಸ್ಪ್ರಿಂಟ್’. ಸಂಕೇತ ಬರೆಯಲರಿಯದ ವರ್ತಕನೂ ಭಾಗವಹಿಸಬಹುದು. ಆದರೆ ಸಿದ್ಧತೆ ಅವಶ್ಯ.

1. ತಂತ್ರಾಂಶವನ್ನು ಮುಂಚಿತವಾಗಿ ಅಳವಡಿಸಿ ಬಳಸಿ ನೋಡಬೇಕು.

2. ಒಂದೇ ದೋಷವನ್ನು ಆರಿಸಿ, ನಮೂದಿಸಿದ್ದೇನು, ಬಂದ ಉತ್ತರವೇನು, ಬರಬೇಕಾದುದೇನು ಎಂಬುದನ್ನು ಬರೆದಿಡಬೇಕು.

3. ಶಿರಸಿ, ಸಿದ್ದಾಪುರ, ಯಲ್ಲಾಪುರ ಪೇಟೆಗಳಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟುಗಳ ದರ ಬೇರೆಬೇರೆ. ಎಲ್ಲವನ್ನೂ ‘ಅಡಿಕೆ’ ಎಂಬ ಒಂದೇ ಬಾಬಿಗೆ ಸೇರಿಸಿದರೆ ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟವೆಂದು ತಿಳಿಯದು. ಈ ಭೇದವನ್ನು ತಂತ್ರಜ್ಞರಿಗೆ ವಿವರಿಸಬಲ್ಲವನು ವರ್ತಕನೇ.

4. ಮಾದರಿ ಬಿಲ್ಲುಗಳಲ್ಲಿ ಬೆಳೆಗಾರರ ಹೆಸರು, ಬ್ಯಾಂಕ್ ಖಾತೆ ಸಂಖ್ಯೆ ಇರಕೂಡದು, ಬಹಿರಂಗವಾದುದನ್ನು ಹಿಂಪಡೆಯಲಾಗದು.

ತಿದ್ದಿದ ತಂತ್ರಾಂಶದ ಲೆಕ್ಕವನ್ನು ಹಳೆಯ ಕಿರ್ದಿ, ಖಾತೆಗಳೊಡನೆ ತಾಳೆ ನೋಡಿದ ನಂತರವೇ ಬಳಕೆಗೆ ತರುವುದು ಕ್ಷೇಮಕರ.